ಸತ್ತ ಕ್ಷೌರಿಕನ ಹಾಡು

ತೆಸ್ತೂರ್
12 ಫೆಬ್ರವರಿ 2019

ಪ್ರಖ್ಯಾತ ಕಾದಂಬರಿಗಾರ್ತಿ, ಊದ್ ವಾದಕಿ ದೊರ್ರಾ ಕರಂದೆಲ್ ಅವರ ಸನ್ನಿಧಿಗೆ,

ಇದು ಸತ್ತವನೊಬ್ಬ ಬರೆದ ಕಾಗದ. ಬೆಚ್ಚಬೇಡ. ನಾನು ಸತ್ತ ಸುದ್ದಿ ನನಗೂ ಪರರಿಂದಲೇ ತಿಳಿಯಿತು.

ಹೋದ ವಾರ ಬೇಜಾ ಊರಿನಿಂದ, ನಿನ್ನ ಕಾದಂಬರಿ ಓದಿದ ಒಬ್ಬ ಮಾಸ್ತರು ನನ್ನ ಕ್ಷೌರದಂಗಡಿಗೆ ಬಂದ. ಬಾಗಿಲಲ್ಲಿ ನಿಂತು ಎದೆಯ ಮೇಲೆ ಕೈಯಿಟ್ಟು, "ಶೇಖ್ ಮುಖ್ತಾರ್ ಹೋಗಿಬಿಟ್ರಂತೆ, ದೇವರು ಅವರಿಗೆ ಶಾಂತಿ ಕೊಡ್ಲಿ. ನೀವು ಅವರ ತಮ್ಮನಾ?" ಎಂದ. ಕುರ್ಚಿಯಲ್ಲಿ ಗಿರಾಕಿ ಇದ್ದ, ಕೈಯಲ್ಲಿ ಕತ್ತಿ ಇತ್ತು. ಇಲ್ಲದಿದ್ದರೆ ಹೆಣ ಹೇಗೆ ಅಟ್ಟಿಸಿಕೊಂಡು ಬರುತ್ತದೆ ಎಂದು ಅವನಿಗೆ ತೋರಿಸುತ್ತಿದ್ದೆ. "ನಾನೇ ಕಣಯ್ಯ ಮುಖ್ತಾರ್" ಎಂದೆ. ಅವನ ಮುಖ ಅರಳಿತು. "ಹಾಗಾದ್ರೆ ಆ ಹಾಡು ಉಳಿದಿದೆ ಅನ್ನಿ" ಎಂದ. ನಾನು ಉಳಿದದ್ದು ಅವನಿಗೆ ದೊಡ್ಡ ಸಂಗತಿಯಾಗಿ ಕಾಣಲಿಲ್ಲ.

ನಿನ್ನ 'ಕ್ಷೌರಿಕನ ಬಾಯಿ'ಯನ್ನು ನಾನು ಓದಿಲ್ಲ, ಓದುವುದೂ ಇಲ್ಲ. ನಿನ್ನ ಅಮ್ಮ ಅದನ್ನು ಅಡುಗೆಮನೆಯಲ್ಲಿ ಕುಳಿತು ಗಟ್ಟಿಯಾಗಿ ಓದುತ್ತಾಳೆ. ನಾನು ಪಕ್ಕದ ಕೋಣೆಯಲ್ಲಿ ಇರುತ್ತೇನೆ. ಕಿವಿಗೆ ಬಾಗಿಲಿಲ್ಲವಲ್ಲ, ಬಿದ್ದದ್ದು ಬಿತ್ತು. ಊರಿನ ಸಂಗೀತದ ಶೇಖ್ ಆದ ಮುದಿ ಕ್ಷೌರಿಕ, ನೌಬಾ ಹಾಡುಮಾಲೆಯ ಕೊನೆಗೆ ಬರುವ ಮುಕ್ತಾಯದ ಹಾಡನ್ನು ಮಗಳಿಗೆ ಕಲಿಸಲೊಪ್ಪದೆ ಬಾಯಲ್ಲಿ ಇಟ್ಟುಕೊಂಡೇ ಸಾಯುತ್ತಾನೆ. ಹೆಣ ತೊಳೆಯುವವರು ಬಾಯಿ ಬಿಡಿಸಲು ನೋಡಿದರೆ ದವಡೆ ಬಿಡುವುದಿಲ್ಲ. ಅದಕ್ಕೆ ಬಹುಮಾನ ಬೇರೆ.

ಒಬ್ಬ ಶೇಖ್‌ಗೆ ಒಂದು ಮುಕ್ತಾಯ, ಅದಕ್ಕೆ ಒಬ್ಬನೇ ವಾರಸುದಾರ. ಇದು ನಾನು ಹುಟ್ಟಿಸಿದ ನಿಯಮವಲ್ಲ. ನನ್ನ ಗುರು ಅದನ್ನು ನನಗೆ ಕೊಟ್ಟದ್ದು ನನ್ನ ಗಡ್ಡ ಅರ್ಧ ಬೆಳ್ಳಗಾದ ಮೇಲೆ. ಹೆಣ್ಣುಮಗುವಿಗೆ ಕೊಡಲಿಲ್ಲ ಎಂದು ನೀನು ನನ್ನನ್ನು ಕೊಂದೆ.

ಈಗ ಕೇಳು. ಕ್ಷೌರಿಕ ಸತ್ತಿಲ್ಲ, ಬರೆದದ್ದು ಸುಳ್ಳು, ತಪ್ಪಾಯಿತು ಎಂದು ಪತ್ರಿಕೆಯಲ್ಲಿ ನಿನ್ನ ಹೆಸರು ಹಾಕಿ ಬರೆ. ಬರೆಯದಿದ್ದರೆ ಜುಲೈನಲ್ಲಿ ನಮ್ಮೂರ ಸಂಗೀತದ ಹಬ್ಬದಲ್ಲಿ ಆ ಮುಕ್ತಾಯವನ್ನು ಲಸ್ಸಾದ್ ಹಾಡುತ್ತಾನೆ. ನನ್ನ ತಮ್ಮನ ಮಗ, ಹೆಂಚು ಸುಡುವವನು, ಅವನೇ. ಹಾಡು ಅವನದಾಗುತ್ತದೆ, ನಿನ್ನ ಪುಸ್ತಕ ಊರೆದುರು ಸುಳ್ಳಾಗುತ್ತದೆ.

ನಿನ್ನೊಡನೆ ಮಾತಾಡುವುದಿಲ್ಲ ಎಂದು ಕುರಾನಿನ ಮೇಲೆ ಕೈಯಿಟ್ಟು ಆಣೆ ಮಾಡಿದವನು ನಾನು. ಅದನ್ನು ಮುರಿದಿಲ್ಲ. ಕಾಗದ ಬರೆಯುವುದು ಮಾತಲ್ಲ ಎಂದು ಇಮಾಮರನ್ನು ಕೇಳಿಕೊಂಡೇ ಬರೆಯುತ್ತಿದ್ದೇನೆ.

ನಿನ್ನ ಪುಸ್ತಕದ ಹೆಣ,
ಮುಖ್ತಾರ್


ಟ್ಯೂನಿಸ್
3 ಮಾರ್ಚ್ 2019

ಬಾಬಾ,

ನಿಮ್ಮ ಕೈಬರಹ ನೋಡಿ ಇಷ್ಟು ವರ್ಷವಾಗಿತ್ತು, ಲಕೋಟೆ ಒಡೆಯುವ ಮೊದಲು ಒಂದು ಕ್ಷಣ ಖುಷಿಯಾಯಿತು. ಓದಿದ ಮೇಲೆ ನನ್ನ ಖುಷಿಗೆ ನಾನೇ ನಾಚಿದೆ.

ನೀವು ಪಕ್ಕದ ಕೋಣೆಯಲ್ಲಿ ನಿಂತು ನನ್ನ ಪುಸ್ತಕ ಕೇಳುತ್ತಿದ್ದೀರಿ. ನಿಂತು ಕೇಳುವಾಗ ಕಾಲು ನೋಯುತ್ತದಲ್ಲವೇ? ನನಗೆ ಗೊತ್ತು. ಅಂಗಡಿಯ ಹಿಂದಿನ ಕೋಣೆಯಲ್ಲಿ ನೀವು ಹುಡುಗರಿಗೆ ಪಾಠ ಹೇಳುವಾಗ ಚಹಾದ ತಟ್ಟೆ ಹಿಡಿದು ನಾನೂ ಹಾಗೇ ನಿಲ್ಲುತ್ತಿದ್ದೆ. ಬಾಗಿಲು ತಳ್ಳಿದರೆ "ಹುಡುಗಿ ಬಂದ್ಳು, ನಿಲ್ಸಿ" ಎನ್ನುತ್ತಿದ್ದಿರಿ. ಚಹಾ ಆರಿದರೆ ಆರಲಿ ಎಂದು ತಳ್ಳದೆ ನಿಂತಿರುತ್ತಿದ್ದೆ. ಲಸ್ಸಾದ್ ಒಳಗೆ ಕುಳಿತು ಆಕಳಿಸುತ್ತಿದ್ದ, ನಾನು ಹೊರಗೆ ನಿಂತು ಕದಿಯುತ್ತಿದ್ದೆ. ಒಂದು ದಿನ ನೀವು ಯಾರೂ ಇಲ್ಲವೆಂದುಕೊಂಡು ಮುಕ್ತಾಯವನ್ನು ಗುನುಗಿದಿರಿ. ನನಗೆ ದಕ್ಕಿದ್ದು ಒಂದು ಸಾಲು. ಅಷ್ಟರಲ್ಲಿ ಯಾರೋ ಗಿರಾಕಿ ಬಂದ.

ಅದೊಂದೇ ಸಾಲನ್ನು ಅತ್ತೆಯ ಮಗಳು ಮೋನಿಯಾಳ ಮದುವೆಯಲ್ಲಿ ಹೆಂಗಸರ ಅಂಗಳದಲ್ಲಿ ನುಡಿಸಿದೆ. ನನಗೆ ಹದಿನಾರು. ಅತ್ತೆಯರು, ಚಿಕ್ಕಮ್ಮಂದಿರು ನಾಲಿಗೆ ಹೊರಳಿಸಿ ಹರ್ಷದ ಕೂಗು ಹಾಕಿದರು. ಮುದುಕಿಯೊಬ್ಬಳು, "ನೋಡ್ರೇ, ಮುಖ್ತಾರನ ಕೈ ಇವಳಿಗೆ ಬಂದಿದೆ" ಎಂದಳು. ನೀವು ಗಂಡಸರ ಕಡೆ ಮದುಮಗನ ಗಡ್ಡ ಹೆರೆಯುತ್ತಿದ್ದಿರಿ. ಕತ್ತಿ ಕೈಯಲ್ಲೇ ಇತ್ತು. ಪರದೆ ಸರಿಸಿ ಒಳಗೆ ಬಂದು, ಅಷ್ಟೂ ಹೆಂಗಸರ ಎದುರು, ನನ್ನ ತೊಡೆಯ ಮೇಲಿದ್ದ ಊದಿನ ತಂತಿಗಳನ್ನೆಲ್ಲ ಒಂದೊಂದಾಗಿ ಕತ್ತರಿಸಿದಿರಿ. ಮದುಮಗನ ಸೋಪಿನ ನೊರೆ ನನ್ನ ಲಂಗದ ಮೇಲೆ ಬಿತ್ತು. ನಿಮ್ಮ ಆಣೆಯೂ ಅಂದಿನದೇ.

ಸಂದರ್ಶನಕ್ಕೆ ಬರುವವರೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ: ನೀವು ಮೊದಲು ಸಂಗೀತಗಾರ್ತಿಯೋ, ಲೇಖಕಿಯೋ? ಪರಂಪರೆ, ನೆನಪು ಎಂದು ಏನೇನೋ ದೊಡ್ಡ ಮಾತಾಡಿ ಕಳಿಸುತ್ತೇನೆ. ನಿಜ ನಿಮಗೆ ಹೇಳುತ್ತೇನೆ. ಅವತ್ತು ಮನೆಗೆ ಬಂದಾಗ ಕೈಗೆ ಸಿಕ್ಕಿದ್ದು ತಂತಿಯಿಲ್ಲದ ಊದ್ ಮತ್ತು ಒಂದು ಪೆನ್ಸಿಲ್. ಊದ್ ಮಾತಾಡಲಿಲ್ಲ, ಪೆನ್ಸಿಲ್ ಮಾತಾಡಿತು. ಆಮೇಲೆ ಹಮ್ಮಾಮೆತ್‌ನ ಹೋಟೆಲುಗಳಲ್ಲಿ ಊಟ ಮಾಡುವ ಪ್ರವಾಸಿಗರಿಗೆ ಊದ್ ನುಡಿಸಿ ಹೊಟ್ಟೆ ಹೊರೆದೆ. ಅವರು ಮೀನಿನ ಮುಳ್ಳು ತೆಗೆಯುತ್ತ ಚಪ್ಪಾಳೆ ತಟ್ಟುತ್ತಿದ್ದರು. ಬಣ್ಣಗಾರರ ಬೀದಿಯ ಬಗ್ಗೆ ಬರೆದ ಮೊದಲ ಕಾದಂಬರಿಯನ್ನು ಅಮ್ಮ ಮತ್ತು ಪ್ರಕಾಶಕನ ಭಾವಮೈದುನ ಮಾತ್ರ ಓದಿರಬೇಕು. ಎರಡನೆಯದನ್ನು ಬೈರೂತಿನವರು ಅಚ್ಚು ಹಾಕಿದರು. ಈಗಲೂ ಒಂದು ಅಧ್ಯಾಯ ಬರೆದು, ಊದ್ ಎತ್ತಿಕೊಂಡು ಅದರ ನಡೆಯನ್ನು ನುಡಿಸಿ ನೋಡುತ್ತೇನೆ. ತಾಳ ಕುಂಟಿದ ಕಡೆ ವಾಕ್ಯ ಹೊಡೆದುಹಾಕುತ್ತೇನೆ. ಎರಡೂ ಕಸುಬು ನಿಮ್ಮ ಒಂದು ಕತ್ತಿಯಿಂದ ಹುಟ್ಟಿದವು.

'ಕ್ಷೌರಿಕನ ಬಾಯಿ'ಯನ್ನು ಸೇಡಿಗಾಗಿಯೇ ಬರೆದೆ. ಬರೆದು ಹಾಯಾಯಿತು. ಕ್ಷಮೆ ಕೇಳುವುದಿಲ್ಲ.

ಲಸ್ಸಾದ್‌ಗೆ ಕಲಿಸಿ, ನೋಡೋಣ. ರೇಡಿಯೋದಲ್ಲಿ ಹಾಡುವವನು ಒಂದು ಸ್ವರ ತಪ್ಪಿದರೆ ಗಿರಾಕಿಯ ಅರ್ಧ ಗಡ್ಡ ಬಿಟ್ಟು ರೇಡಿಯೋಗೆ ಪಾಠ ಹೇಳುತ್ತಿದ್ದವರು ನೀವು. ಲಸ್ಸಾದನ ಗಂಟಲನ್ನು ನೀವು ಎಷ್ಟು ದಿನ ತಡೆದುಕೊಳ್ಳುತ್ತೀರೆಂದು ನನಗೂ ಕುತೂಹಲ.

ನಿಮ್ಮನ್ನು ಕೊಂದ ಮಗಳು,
ದೊರ್ರಾ


ತೆಸ್ತೂರ್
20 ಏಪ್ರಿಲ್ 2019

ಕಾದಂಬರಿಗಾರ್ತಿಯವರೇ,

ಪತ್ರಿಕೆಯಲ್ಲಿ ನಿನ್ನ ತಪ್ಪೊಪ್ಪಿಗೆ ಬರಲಿಲ್ಲ. ಬದಲಿಗೆ ನಿನ್ನ ಫೋಟೋ ಬಂತು, ಊದ್ ಹಿಡಿದುಕೊಂಡು. ಎಡ ಮಣಿಕಟ್ಟನ್ನು ಬಗ್ಗಿಸಿ ಹಿಡಿದಿದ್ದೀಯ. ಯಾರು ಕಲಿಸಿದರು ಅದನ್ನು?

ಲಸ್ಸಾದ್ ದಿನವೂ ಭಟ್ಟಿ ಮುಗಿಸಿ, ಮೈ ತುಂಬ ಕೆಂಪು ಧೂಳು ಹೊತ್ತು ಬರುತ್ತಾನೆ. ಒಳ್ಳೆಯ ಮನುಷ್ಯ, ಬರುವಾಗ ಗಿಣ್ಣು ತರುತ್ತಾನೆ, ನಿನ್ನ ಅಮ್ಮನಿಗೆ ನಮಸ್ಕಾರ ಹೇಳುತ್ತಾನೆ. ಆಮೇಲೆ ಬಾಯಿ ತೆರೆಯುತ್ತಾನೆ.

"ದೊಡ್ಡಪ್ಪಾ, ಇಲ್ಲಿ ಮೇಲಕ್ಕೆ ಹೋಗ್ಬೇಕಾ, ಕೆಳಕ್ಕಾ?"

"ಎಲ್ಲಿಗಾದ್ರೂ ಹೋಗಪ್ಪ, ದಾರೀಲಿ ಮಾತ್ರ ನಿಂತ್ಕೋಬೇಡ."

ನಿಂತುಕೊಳ್ಳುತ್ತಾನೆ. ಮಸೀದಿಯ ಹೊಸ ಮುಅಜ್ಜಿನ್ ಬಾಂಗಿನಲ್ಲಿ ಒಂದು ಸ್ವರ ಎಳೆಯುತ್ತಾನೆಂದು ನಾನು ಹೇಳಿ ಕಳಿಸಿದ್ದೆ, ಪಾಪ ತಿದ್ದಿಕೊಂಡ. ಇವನು ತಿದ್ದುವ ಸರಕಲ್ಲ. ನೀನು ಬರೆದದ್ದು ಸರಿಯಿತ್ತು ಎಂದು ಹಿಗ್ಗಬೇಡ, ಪೂರ್ತಿ ಓದು.

ಅನರ್ಹನಿಗೆ ಕುಂಟು ಹಾಡು ಕೊಡುವುದು ನಮ್ಮ ಶೇಖ್‌ಗಳಲ್ಲಿ ಹಳೆಯ ರೂಢಿ. ಹಾಡಿನಿಂದ ಒಂದು ಸಾಲಿನ ಧಾಟಿ ಕಿತ್ತು, ಹೊಲಿಗೆ ಕಾಣದ ಹಾಗೆ ಉಳಿದದ್ದನ್ನು ಜೋಡಿಸಿ ಕೊಟ್ಟುಬಿಡುವುದು. ಪಡೆದವನು ಜೀವಮಾನವೆಲ್ಲ ಅದನ್ನು ಹಾಡಿಕೊಂಡು ಕೈ ಮುಗಿಯುತ್ತಾನೆ. ಲಸ್ಸಾದ್‌ಗೂ ಅಂಥದ್ದೇ ಕೊಟ್ಟೆ, ಅದೂ ಬೇರೊಂದು ನೌಬಾದ್ದು. ಜುಲೈನಲ್ಲಿ ಅದನ್ನೇ ಹಾಡುತ್ತಾನೆ. ಈ ಊರಿನಲ್ಲಿ ಗುರುತು ಹಿಡಿಯುವವರು ಯಾರೂ ಉಳಿದಿಲ್ಲ.

ನಿಜವಾದ ಮುಕ್ತಾಯದ ವಿಷಯ. ನಿನ್ನೆ ಊಟಕ್ಕೆ ಕುಳಿತಾಗ ರೊಟ್ಟಿ ಮುಟ್ಟಿ ಆಣೆ ಇಟ್ಟಿದ್ದೇನೆ, ನಿನ್ನ ಅಮ್ಮನೇ ಸಾಕ್ಷಿ. ಆ ಹಾಡು ಪೂರ್ತಿಯಾಗಿ ನನ್ನ ಬಾಯಿಂದ ಹೊರಬರುವುದಿಲ್ಲ. ನಿನ್ನ ಪುಸ್ತಕದಲ್ಲಿ ಹೇಳಿದ ಹಾಗೆ ದವಡೆ ಕಚ್ಚಿಕೊಂಡೇ ಹೋಗುತ್ತೇನೆ. ನೀನು ಬರೆದದ್ದನ್ನು ನಿಜ ಮಾಡಿ ತೋರಿಸುತ್ತೇನೆ, ಆಗ ಅದನ್ನು ಬರೆದ ಕೈಯನ್ನು ನೋಡಿಕೊಳ್ಳುತ್ತ ಕೂತಿರು. ನಿನ್ನ ಅಮ್ಮ ಕುಸ್ಕುಸ್ ತಟ್ಟೆ ನನ್ನ ಮುಂದಿನಿಂದ ಎತ್ತಿಕೊಂಡು ಹೋದಳು. ಅದೂ ನಿನ್ನಿಂದಲೇ.

ಹಸಿದ ಹೆಣ,
ಮುಖ್ತಾರ್


ಟ್ಯೂನಿಸ್
17 ಮೇ 2019

ಬಾಬಾ,

ಉಪವಾಸದ ತಿಂಗಳಲ್ಲಿ ಕೆಟ್ಟ ಮಾತು ಬರೆಯಬಾರದು. ಅದಕ್ಕೆ ಸೂರ್ಯ ಮುಳುಗಿ, ಖರ್ಜೂರ ತಿಂದ ಮೇಲೆ ಬರೆಯುತ್ತಿದ್ದೇನೆ.

ಹಬ್ಬದ ಸಮಿತಿಯವರು ನನ್ನನ್ನೂ ಕರೆದಿದ್ದಾರೆ. ಲಸ್ಸಾದ್ ಹಾಡುವ ದಿನವೇ, ಅವನ ನಂತರ. ಬಹುಮಾನ ಬಂದ ಮಗಳು ಊರಿಗೆ ಬೇಕಲ್ಲ. ಇಷ್ಟು ವರ್ಷ ನನ್ನ ಹೆಸರೆತ್ತದ ಅಧ್ಯಕ್ಷರು ಫೋನಿನಲ್ಲಿ, "ನಮ್ಮ ದೊರ್ರಾ, ನಮ್ಮ ಕಣ್ಮಣಿ" ಎಂದರು. ನಮ್ಮೂರ ಮಸೀದಿಯ ಗಡಿಯಾರದ ಹಾಗೆ ಕೆಲವರ ಬುದ್ಧಿ ಹಿಂದಕ್ಕೆ ಓಡುತ್ತದೆ, ಆದರೂ ದಿನಕ್ಕೆ ನಾಲ್ಕು ಸಲ ಸರಿಯಾದ ಹೊತ್ತು ತೋರಿಸುತ್ತದೆ.

ಬರುತ್ತೇನೆ ಎಂದಿದ್ದೇನೆ. ಏನು ನುಡಿಸುತ್ತೇನೆ ಗೊತ್ತೇ? 'ಶೇಖ್ ಮುಖ್ತಾರ್ ಕರಂದೆಲ್ ಅವರ ಮುಕ್ತಾಯ'. ಹಾಗೆಂದು ಮೈಕಿನಲ್ಲಿ ಹೇಳಿಯೇ ನುಡಿಸುತ್ತೇನೆ, ಹಾಡುತ್ತೇನೆ. ಪದ್ಯ ಹಳೆಯ ಪುಸ್ತಕಗಳಲ್ಲಿದೆ, ಇಲ್ಲದ್ದು ಧಾಟಿ ಮಾತ್ರ. ನನ್ನ ಬಳಿ ಒಂದು ಸಾಲಿನ ಧಾಟಿ ಇದೆ, ಉಳಿದದ್ದನ್ನು ಕಟ್ಟುತ್ತೇನೆ. ಇಲ್ಲದ್ದನ್ನು ಕಟ್ಟುವುದೇ ನನ್ನ ಕಸುಬು, ಹದಿನಾರರಿಂದ ಅದನ್ನೇ ಮಾಡಿದ್ದೇನೆ. ಟಿವಿಯವರು ಬರುತ್ತಾರೆ. ನಾಳೆ ಮಕ್ಕಳು ನಾನು ಕಟ್ಟಿದ್ದನ್ನು ನಿಮ್ಮದೆಂದು ಕಲಿಯುತ್ತಾರೆ. ನಿಮ್ಮ ಹಾಡನ್ನು ಗೋರಿಗೆ ಒಯ್ಯಿರಿ, ನಿಮ್ಮ ಹೆಸರು ಮಾತ್ರ ಹೊರಗೆ ನನ್ನ ಕೈಯಲ್ಲಿ ಇರುತ್ತದೆ.

ಮುಂದಿನ ಸಾಲಿನಲ್ಲಿ ನಿಮಗೊಂದು ಕುರ್ಚಿ ಹಾಕಿಸಲು ಹೇಳಿದ್ದೇನೆ.

ದೊರ್ರಾ


ತೆಸ್ತೂರ್
22 ಜೂನ್ 2019

ದೊರ್ರಾ ಕರಂದೆಲ್,

ನಿನ್ನ ಕಸವನ್ನು ನಿನ್ನ ಹೆಸರಲ್ಲಿ ಮಾರು. ನನ್ನ ಹೆಸರು ಅದಕ್ಕೆ ಹಚ್ಚಬೇಡ.

ಸಮಿತಿಯವರ ಬಳಿ ಹೋಗಿ, ಅವಳ ಹಾಡು ನಿಲ್ಲಿಸಿ ಎಂದೆ. "ಶೇಖ್, ಹಾಗಾದ್ರೆ ಸರಿಯಾದ್ದನ್ನ ನೀವೇ ಹಾಡಿಬಿಡಿ, ಜಗಳ ಮುಗೀತು" ಎಂದರು. ನುಂಗಲೂ ಆಗದ, ಉಗುಳಲೂ ಆಗದ ಬಿಸಿ ತುಪ್ಪ. ಸಂತೋಷವಾಯಿತೇ?

ನಾನು ಬರುವುದಿಲ್ಲ. ನಿನ್ನ ಅಮ್ಮ ಬಲವಂತ ಮಾಡಿ ಎಳೆದುಕೊಂಡು ಬಂದರೆ ಕಿವಿಗೆ ಹತ್ತಿ ಇಟ್ಟುಕೊಂಡು ಬರುತ್ತೇನೆ. ಅಂಗಡಿಯಲ್ಲಿ ಹತ್ತಿಗೆ ಬರವಿಲ್ಲ.

ಮುಖ್ತಾರ್


ಟ್ಯೂನಿಸ್
19 ಜುಲೈ 2019

ಬಾಬಾ,

ನೀವು ಈ ಕಥೆಯನ್ನು ಅಂಗಡಿಯಲ್ಲಿ ಬೇರೆ ಥರ ಹೇಳುತ್ತೀರಿ ಎಂದು ಗೊತ್ತು. ಆದದ್ದನ್ನು ಆದ ಹಾಗೆ ಬರೆದಿಡುತ್ತೇನೆ. ಸುಳ್ಳೆನ್ನಿಸಿದರೆ ಮತ್ತೆ ಸಮಿತಿಗೆ ದೂರು ಕೊಡಿ.

ಲಸ್ಸಾದ್ ಇಸ್ತ್ರಿ ಮಾಡಿದ ಜುಬ್ಬಾ ಹಾಕಿಕೊಂಡು ತನ್ನ ಕುಂಟು ಹಾಡು ಹಾಡಿದ. ಜನ ಚಪ್ಪಾಳೆ ತಟ್ಟಿದರು. ನೀವು ಮೀಸೆಯೊಳಗೇ ನಗುತ್ತಿದ್ದಿರಿ. ಎರಡೂ ಕಿವಿಯಲ್ಲಿ ಹತ್ತಿ ಇತ್ತು, ವೇದಿಕೆಯಿಂದಲೇ ಬೆಳ್ಳಗೆ ಕಾಣುತ್ತಿತ್ತು. ಅಮ್ಮ ಪಕ್ಕದಲ್ಲಿ ಸೂರ್ಯಕಾಂತಿ ಬೀಜ ಸುಲಿಯುತ್ತಿದ್ದಳು.

ನಾನು ಮೈಕಿನಲ್ಲಿ ನಿಮ್ಮ ಹೆಸರು ಹೇಳಿದೆ. ಊದ್ ಎತ್ತಿಕೊಂಡೆ. ಬಾಬಾ, ಆ ಮುಕ್ತಾಯವನ್ನು ಕಟ್ಟಲು ನಾನು ಕುಳಿತೇ ಇರಲಿಲ್ಲ. ನಿಮ್ಮೊಡನೆ ಬೆಳೆದವಳು ನಾನು, ನಿಮಗೆ ಯಾವ ತಪ್ಪು ಎಲ್ಲಿ ಚುಚ್ಚುತ್ತದೆಂದು ಬೇರೆ ಯಾರಿಗೆ ಗೊತ್ತು? ಮೊದಲ ಸಾಲನ್ನು ಮೇಲಿನಿಂದ ಎತ್ತಿದೆ, ಎಲ್ಲ ಮುಕ್ತಾಯಗಳೂ ಕೆಳಗಿಂದ ಹತ್ತುತ್ತವೆಂದು ಗೊತ್ತಿದ್ದೂ. ನಿಮ್ಮ ಕತ್ತು ಒಂದು ಬದಿಗೆ ವಾಲಿತು. ತಾಳಕ್ಕೆ ಒಂದು ಪೆಟ್ಟು ಮೊದಲೇ ಮುಗಿಸಿದೆ. ನೀವು ಒಂದು ಕಿವಿಯ ಹತ್ತಿ ತೆಗೆದಿರಿ. ಎರಡನೇ ಸಾಲಿನಲ್ಲಿ ಹಮ್ಮಾಮೆತ್ ಹೋಟೆಲಿನಲ್ಲಿ ಪ್ರವಾಸಿಗರಿಗೆ ಹಾಕುತ್ತಿದ್ದ ಅಗ್ಗದ ಸ್ವರಜಾರಿಕೆ ಒಂದನ್ನು ಹಾಕಿದೆ. ಅದು ನನಗೇ ಹೇಸಿಗೆಯಾಯಿತು. ನೀವು ಎದ್ದು ನಿಂತಿರಿ.

"ಅಲ್ಲ ಕಣೇ, ಹಾಗಲ್ಲ."

ನಾನು ಕೇಳಿಸದವಳ ಹಾಗೆ ಮತ್ತೆ ಅದೇ ಜಾರಿಕೆ ಹಾಕಿದೆ.

"ನಿಲ್ಸೇ ಕತ್ತೆ. ಕೆಳಗಿಂದ ಹತ್ತು, ಕೆಳಗಿಂದ."

ಅಲ್ಲೇ, ಕುರ್ಚಿಯ ಬೆನ್ನು ಹಿಡಿದುಕೊಂಡು, ಹಾಡಲು ಶುರು ಮಾಡಿದಿರಿ. ವೇದಿಕೆಯಲ್ಲಿ ನನ್ನ ಕೈ ತಾನಾಗಿ ನಿಂತಿತು. ಮುದಿ ಗಂಟಲು, ಅಲ್ಲಲ್ಲಿ ಒಡೆಯುತ್ತಿತ್ತು, ಆದರೆ ಒಂದು ಸ್ವರವೂ ಜಾಗ ತಪ್ಪಲಿಲ್ಲ. ಬಾಗಿಲ ಹಿಂದೆ ನಿಂತು ಕೇಳಲಾಗದೇ ಹೋದದ್ದನ್ನು ಎಲ್ಲರಿಗಿಂತ ಎತ್ತರದಲ್ಲಿ ಕುಳಿತು ಕೇಳಿದೆ. ಜನರೆಲ್ಲ ಫೋನು ಎತ್ತಿ ಹಿಡಿದಿದ್ದರು. ಅಮ್ಮ ಬೀಜ ಸುಲಿಯುವುದು ನಿಲ್ಲಿಸಿದ್ದಳು. ಹಾಡು ಮುಗಿದಾಗ ನಿಮಗೆ ಎಚ್ಚರವಾಯಿತು. ಸುತ್ತ ನೋಡಿ, ಹತ್ತಿಯನ್ನು ಮತ್ತೆ ಕಿವಿಗೆ ತುರುಕಿಕೊಂಡು, ಹೊರಟುಹೋದಿರಿ.

ಮರುದಿನ ಬಸ್‌ ನಿಲ್ದಾಣದಲ್ಲಿ ದಾಳಿಂಬೆ ರಸ ಮಾರುವವನು ಅದನ್ನೇ ಶಿಳ್ಳೆ ಹಾಕುತ್ತಿದ್ದ. ಈಗ ಅದು ದೇಶದ ತುಂಬ ಇದೆ. ಸ್ಫಾಕ್ಸ್‌ನಲ್ಲಿ ಯಾವುದೋ ಶಾಲೆಯ ಹೆಣ್ಣುಮಕ್ಕಳು ಹಾಡಿದ್ದನ್ನೂ ಫೋನಿನಲ್ಲಿ ನೋಡಿದೆ. ಹೆಣ್ಣುಮಕ್ಕಳು, ಬಾಬಾ. ಒಬ್ಬ ಶೇಖ್, ಒಬ್ಬ ವಾರಸುದಾರ ಎಂದಿರಲ್ಲ, ಈಗ ಎಣಿಸಿಕೊಳ್ಳಿ.

ನಿಮ್ಮ ಬಾಯಿ ಬಿಡಿಸಿದ್ದೇನೆ. ನನ್ನ ಪುಸ್ತಕ ಸುಳ್ಳಾಯಿತು, ಅದಕ್ಕೆ ನನಗೆ ಒಂದಿಷ್ಟೂ ಬೇಸರವಿಲ್ಲ.

ಗೆದ್ದವಳು,
ದೊರ್ರಾ


ತೆಸ್ತೂರ್
25 ಆಗಸ್ಟ್ 2019

ಗೆದ್ದವಳೇ,

ತಡವಾಗಿ ಬರೆಯುತ್ತಿದ್ದೇನೆ. ಉಪವಾಸದಲ್ಲಿದ್ದೆ. ನಿನ್ನೊಡನೆ ಮಾತಾಡುವುದಿಲ್ಲ ಎಂದು ಇಟ್ಟ ಆಣೆ ಆ ದಿನ ಮುರಿಯಿತು. ಹಾಡಿದ್ದು ಮಾತಲ್ಲ, ಆದರೆ 'ಹಾಗಲ್ಲ' ಎಂದದ್ದು ಮಾತು, 'ಕತ್ತೆ' ಎಂದದ್ದು ಮಾತು ಎಂದು ಇಮಾಮರು ಹೇಳಿದರು. ಪ್ರಾಯಶ್ಚಿತ್ತಕ್ಕೆ ಮೂರು ದಿನ ಉಪವಾಸ ಹಿಡಿದೆ. ಆಗಸ್ಟಿನ ಬಿಸಿಲಿನಲ್ಲಿ, ಅಂಗಡಿ ತೆರೆದಿಟ್ಟುಕೊಂಡೇ. ಇಪ್ಪತ್ತಾರು ವರ್ಷದ ಮೇಲೆ ಮಗಳಿಗೆ ಹೇಳಿದ ಮೊದಲ ಮಾತು ಅದು. ಇದಕ್ಕಿಂತ ಒಳ್ಳೆಯ ಮಾತು ಸಿಗಲಿಲ್ಲವೇ ಎಂದು ನಿನ್ನ ಅಮ್ಮ ಕೇಳುತ್ತಾಳೆ. ನೀನು ನುಡಿಸಿದ್ದಕ್ಕೆ ಅದೇ ತಕ್ಕ ಮಾತು.

ಬೇಕೆಂದೇ ತಪ್ಪು ನುಡಿಸಿದೆಯಂತೆ. ನಿನ್ನ ಕಾಗದ ಬಂದ ಮೇಲೆ ಗೊತ್ತಾಯಿತು. ಅಷ್ಟು ಕೆಟ್ಟದಾಗಿ ನುಡಿಸಲು ಚೆನ್ನಾಗಿ ಬಲ್ಲವರಿಂದ ಮಾತ್ರ ಸಾಧ್ಯ. ಇದನ್ನು ಹೊಗಳಿಕೆ ಎಂದುಕೊಳ್ಳಬೇಡ, ದೂರು ಎಂದುಕೋ.

ಈಗ ನಿನ್ನ ಗೆಲುವಿನ ವಿಷಯ. ರೊಟ್ಟಿ ಮುಟ್ಟಿ ನಾನಿಟ್ಟ ಆಣೆ ಏನು? ಆ ಹಾಡು ಪೂರ್ತಿಯಾಗಿ ಬಾಯಿಂದ ಹೊರಬರುವುದಿಲ್ಲ ಎಂದು. ಬರಲಿಲ್ಲ. ಮೊದಲ ಎರಡು ಸಾಲು ಸಿಟ್ಟಿನಲ್ಲಿ ಬಂದವು, ನಿಜ. ಆಮೇಲೆ ಆ ಫೋನುಗಳು ಕಣ್ಣಿಗೆ ಬಿದ್ದವು. ಸಿಟ್ಟು ನೆತ್ತಿಗೇರಿದ್ದರೂ ಕೈ ನಡುಗದೆ ಗಂಟಲ ಮೇಲೆ ಕತ್ತಿ ಆಡಿಸುವವನು ನಾನು. ಹಾಡುತ್ತ ಹಾಡುತ್ತಲೇ ಒಂದು ಸಾಲಿನ ಧಾಟಿ ಕಿತ್ತುಹಾಕಿ, ಹೊಲಿಗೆ ಕಾಣದಂತೆ ಜೋಡಿಸಿದೆ.

ನಿನ್ನ ದಾಳಿಂಬೆ ರಸದವನು, ನಿನ್ನ ಸ್ಫಾಕ್ಸ್ ಹುಡುಗಿಯರು, ಎಲ್ಲರೂ ಹಾಡುತ್ತಿರುವುದು ಕುಂಟು ಹಾಡು. ಯಾವ ಸಾಲೆಂದು ಹುಡುಕು. ಬಹುಮಾನದ ಕಿವಿ ಅಲ್ಲವೇ ನಿನ್ನದು.

ಸಾಯದ ಹೆಣ,
ಮುಖ್ತಾರ್


ಟ್ಯೂನಿಸ್
14 ಸೆಪ್ಟೆಂಬರ್ 2019

ಬಾಬಾ,

ಸಿಕ್ಕಿತು. ಹುಡುಕಬೇಕಾಗಿಯೇ ಬರಲಿಲ್ಲ. ನಿಮ್ಮ ಕಾಗದ ಓದಿ, ಫೋನಿನಲ್ಲಿದ್ದ ನಿಮ್ಮ ಹಾಡನ್ನು ಹಚ್ಚಿ, ಜೊತೆಗೆ ನುಡಿಸುತ್ತ ಹೋದೆ. ನಡುವೆ ನನ್ನ ಬೆರಳು ನಿಮ್ಮ ಗಂಟಲನ್ನು ಬಿಟ್ಟು ತಾನೇ ಬೇರೆ ದಾರಿ ಹಿಡಿಯಿತು. ನೀವು ಬಿಟ್ಟ ಸಾಲು ಅಲ್ಲಿತ್ತು. ಬಾಗಿಲ ಹಿಂದೆ ನಿಂತು ನಾನು ಕದ್ದ ಸಾಲು, ಮೋನಿಯಾಳ ಮದುವೆಯಲ್ಲಿ ನುಡಿಸಿದ್ದು, ಯಾವುದಕ್ಕಾಗಿ ನೀವು ನನ್ನ ತಂತಿ ಕತ್ತರಿಸಿದಿರೋ ಅದೇ.

ಗೆದ್ದ ಅಮಲಿನಲ್ಲಿ ಅಂದು ನನ್ನ ಸಾಲು ಬರಲಿಲ್ಲವಲ್ಲ ಎಂದು ಕೂಡ ಗಮನಿಸಿರಲಿಲ್ಲ. ಈಗ ಊದ್ ಕೆಳಗಿಟ್ಟು ಅತ್ತೆ. ಬಹಳ ಹೊತ್ತು ಅತ್ತೆ, ಕೆಳಮನೆಯವರು ಬಂದು ಬಾಗಿಲು ಬಡಿದರು. ಆಮೇಲೆ ಸಿಟ್ಟು ಬಂತು.

ಕಿತ್ತು ಬಿಸಾಡಲು ಅಷ್ಟು ಸಾಲುಗಳಿದ್ದವು. ಅದನ್ನೇ ಏಕೆ ಬಿಟ್ಟಿರಿ? ನನಗೆ ಗೊತ್ತಿರುವ ಒಂದನ್ನೂ ಹಾಡಿನಿಂದ ಅಳಿಸಿಹಾಕಲೋ? ಅಥವಾ ಇಡೀ ದೇಶದಲ್ಲಿ ಹಾಡು ಪೂರ್ತಿ ಇರುವುದು ನನ್ನೊಬ್ಬಳ ಬಳಿಯೇ ಇರಲಿ ಎಂದೋ? ಕೇಳಿದರೆ ನೀವು ಮೊದಲನೆಯದೇ ನಿಜ ಎನ್ನುತ್ತೀರಿ. ಬಾಯಿಬಿಟ್ಟು ಕೊಡುವವರಲ್ಲ ನೀವು, ಕತ್ತರಿಸಿಯೇ ಕೊಡಬೇಕು. ಇದನ್ನು ಕ್ಷಮೆ ಎಂದು ನಾನು ಓದುವುದಿಲ್ಲ, ಬಾಬಾ. ಎಲ್ಲರ ಎದುರು ಕಿತ್ತುಕೊಂಡದ್ದನ್ನು ಯಾರಿಗೂ ಕಾಣದಂತೆ ಕೊಟ್ಟರೆ ಲೆಕ್ಕ ಚುಕ್ತಾ ಆಗುವುದಿಲ್ಲ.

ಮೋನಿಯಾ ಫೋನು ಮಾಡಿದ್ದಳು. ನವೆಂಬರಿನಲ್ಲಿ ಅವಳ ಮಗಳ ಮದುವೆ, ಅದೇ ಅಂಗಳದಲ್ಲಿ. ಮದುಮಗನ ಗಡ್ಡ ಹೆರೆಯಲು ನಿಮ್ಮನ್ನೇ ಕರೆದಿದ್ದಾಳೆ. ನನ್ನನ್ನೂ ಕರೆದಿದ್ದಾಳೆ.

ನಾನು ತಂತಿಯಿಲ್ಲದ ಊದ್ ತರುತ್ತೇನೆ. ನೀವು ಗಡ್ಡ ಹೆರೆದು ಮುಗಿಸಿ, ಪರದೆ ಸರಿಸಿ, ಹೆಂಗಸರ ನಡುವೆ ಬರಬೇಕು. ಅಂದು ಅಲ್ಲಿದ್ದ ಅತ್ತೆಯರಲ್ಲಿ ಬದುಕಿರುವವರೆಲ್ಲ ಇರುತ್ತಾರೆ. ಅವರೆಲ್ಲರ ಎದುರು ನನ್ನ ಮುಂದೆ ಕುಳಿತು, ನೀವೇ ಕೊಂಡು ತಂದ ತಂತಿಗಳನ್ನು ನಿಮ್ಮ ಕೈಯಿಂದ ಒಂದೊಂದಾಗಿ ಕಟ್ಟಬೇಕು. ಆಮೇಲೆ ಮುಕ್ತಾಯವನ್ನು ನಾನು ಪೂರ್ತಿ ನುಡಿಸುತ್ತೇನೆ, ಬಿಟ್ಟ ಸಾಲು ಸೇರಿಸಿ. ಕೇಳಿದ ಹೆಣ್ಣುಮಕ್ಕಳೆಲ್ಲ ಕಲಿಯಲಿ.

ಬರದಿದ್ದರೆ ಮುಂದಿನ ಕಾದಂಬರಿಯಲ್ಲೂ ಕ್ಷೌರಿಕನೇ ಇರುತ್ತಾನೆ. ಈ ಸಲ ಅವನನ್ನು ಸಾಯಲು ಬಿಡುವುದಿಲ್ಲ. ಕೊನೆಯ ಪುಟದ ತನಕ ಬದುಕಿಸಿ, ಆ ಪರದೆಯ ಆಚೆಗೇ ನಿಲ್ಲಿಸಿರುತ್ತೇನೆ.

ಕಾಯುತ್ತಿರುವ,
ದೊರ್ರಾ


ತೆಸ್ತೂರ್
6 ಅಕ್ಟೋಬರ್ 2019

ದೊರ್ರಾ,

ಕ್ಷಮೆ ಕೇಳುವುದಿಲ್ಲ. ತಂತಿ ಕಟ್ಟುತ್ತೇನೆ.

ಆ ಸಾಲನ್ನು ನುಡಿಸುವಾಗ ಕೊನೆಗೆ ಅವಸರ ಮಾಡುತ್ತೀಯ. ಮೋನಿಯಾಳ ಮದುವೆಯಲ್ಲೂ ಹಾಗೇ ಮಾಡಿದ್ದೆ, ಪರದೆಯ ಆಚೆಯಿಂದ ಕೇಳಿದ್ದೇನೆ. ಈ ಸಲ ನಿಧಾನ. ಮಣಿಕಟ್ಟು ನೇರ ಇರಲಿ.

ಇಷ್ಟುದ್ದದ ಕಾಗದದಲ್ಲಿ ಹಳೆಯದನ್ನೆಲ್ಲ ಎತ್ತಿ ಆಡಿದ್ದೀಯ, ನಿನ್ನ ಈಗಿನ ಊದಿನ ಕತ್ತಿನ ಉದ್ದ ಮಾತ್ರ ಬರೆದಿಲ್ಲ. ಅಳತೆಯಿಲ್ಲದೆ ತಂತಿ ಕೊಳ್ಳುವುದು ಹೇಗೆ? ಅಂಗಡಿಯವನು ಕೇಳಿದಾಗ ಪೆದ್ದನ ಹಾಗೆ ನಿಂತೆ. ಕಾದಂಬರಿ ಬರೆಯುವವರಿಗೆ ಬೇಕಾದ್ದೊಂದು ಬಿಟ್ಟು ಎಲ್ಲ ನೆನಪಿರುತ್ತದೆ.

ಅಳತೆ ಬರೆದು ಕಳಿಸು.

ಬಾಬಾ